ಗೊಂಬೆ ಕಲೆಯಾದ ಕಥೆ

ಮಾನವನು ತನ್ನ ರೂಪವನ್ನೇ ಹೋಲುವ ಪುಟ್ಟ ಆಕೃತಿಗಳನ್ನು ಮಾಡತೊಡಗಿದುದು ಇಂದು ನಿನ್ನೆಯ ಮಾತಲ್ಲ. ಮಣ್ಣು, ಮರ, ಬಟ್ಟೆ, ಮೇಣ, ಕಾಗದ ಮೊದಲಾಗಿ ಕೈಗೆ ದೊರೆತುದೆಲ್ಲವೂ ಅವನ ಕೈಯಲ್ಲಿ ಗೊಂಬೆಯಾಗಿದೆ. ಮಗುವಿಗೆ ಅದು ಆಟದ ಒಡನಾಡಿ, ಹಬ್ಬದ ಮನೆಗೆ ಅಲಂಕಾರ, ವ್ಯಾಪಾರಿಗೆ ಸರಕು. ಆದರೆ ಚಿತ್ರಕ್ಕೂ ಶಿಲ್ಪಕ್ಕೂ ಸಲ್ಲುವ ಮನ್ನಣೆ ಗೊಂಬೆಗೆ ಸಲ್ಲಲು ಬಹುಕಾಲ ಹಿಡಿಯಿತು. ಲೋಕವು ಶಿಲ್ಪಿಯ ಹೆಸರನ್ನು ಕೇಳಿತು. ಗೊಂಬೆ ಮಾಡಿದವರ ಹೆಸರನ್ನು ಕೇಳಲಿಲ್ಲ. ಗೊಂಬೆಯೂ ಕಲೆಯಾಗಬಲ್ಲುದೇ? ಅದನ್ನು ಮಾಡಿದವರೂ ಕಲಾವಿದರೆನಿಸಬಲ್ಲರೇ? ಈ ಪ್ರಶ್ನೆಗಳಿಗೆ ಇಪ್ಪತ್ತನೆಯ ಶತಮಾನದಲ್ಲಿ ಜಪಾನ್ ದೇಶದ ಗೊಂಬೆಗಾರರು ಕೊಟ್ಟ ಉತ್ತರವು ತಿಳಿಯತಕ್ಕದ್ದು.

ಜಪಾನೀ ಭಾಷೆಯಲ್ಲಿ ಗೊಂಬೆಗೆ 'ನಿಂಗ್ಯೋ' ಎಂದು ಹೆಸರು. 'ಮಾನವನ ಆಕಾರ' ಎಂಬುದೇ ಆ ಪದದ ಅರ್ಥ. ಪ್ರಾಚೀನ ಕಾಲದಲ್ಲಿ ಅಲ್ಲಿನ ಜನರು ಕಾಗದದ ಪುಟ್ಟ ಗೊಂಬೆಗಳಿಗೆ ತಮ್ಮ ರೋಗರುಜಿನಗಳನ್ನೂ ಅಶುಭಗಳನ್ನೂ ಒಪ್ಪಿಸಿ, ಅವುಗಳನ್ನು ನದಿಯಲ್ಲಿ ತೇಲಿಬಿಡುತ್ತಿದ್ದರು. ಕಾಲಕ್ರಮದಲ್ಲಿ ತೇಲಿಬಿಡುವ ಗೊಂಬೆಗಳ ಬದಲು ಮನೆಯಲ್ಲಿ ಕಾಪಾಡಿಕೊಳ್ಳುವ ಚೆಲುವಾದ ಗೊಂಬೆಗಳು ಬಂದವು. ಪ್ರತಿ ವರ್ಷ ಮಾರ್ಚ್ 3ರಂದು ನಡೆಯುವ 'ಹಿನಾ ಮತ್ಸುರಿ' ಹೆಣ್ಣುಮಕ್ಕಳ ಹಬ್ಬ. ನಮ್ಮ ನವರಾತ್ರಿಯ ಗೊಂಬೆಗಳಂತೆ ಅಲ್ಲಿಯೂ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆಗಳನ್ನು ಕೂರಿಸುತ್ತಾರೆ. ಕೆಂಪು ಬಟ್ಟೆ ಹಾಸಿದ ಮೇಲಿನ ಮೆಟ್ಟಿಲಿನಲ್ಲಿ ಚಕ್ರವರ್ತಿ ಮತ್ತು ಚಕ್ರವರ್ತಿನಿ, ಅದರ ಕೆಳಗೆ ಮೂವರು ಸಖಿಯರು, ಇನ್ನೂ ಕೆಳಗೆ ಐವರು ವಾದ್ಯಗಾರರು ಕುಳಿತಿರುತ್ತಾರೆ. ತಾಯಿಯಿಂದ ಮಗಳಿಗೆ ಬರುವ ಇಂಥ ಗೊಂಬೆಗಳನ್ನು ಮನೆಮಂದಿಯೆಲ್ಲ ಕಣ್ಣಿನಲ್ಲಿ ಕಣ್ಣಿಟ್ಟು ಕಾಯುತ್ತಾರೆ.

ಗೊಂಬೆಗೆ ಇಷ್ಟು ಆದರವಿದ್ದರೂ ಗೊಂಬೆಗಾರನಿಗೆ ಇರಲಿಲ್ಲ. ಅದಕ್ಕೆ ಕಾರಣವೂ ಉಂಟು. ಹಬ್ಬದ ಗೊಂಬೆಯು ಒಬ್ಬನ ಕೆಲಸವಾಗಿರಲಿಲ್ಲ. ತಲೆಯನ್ನು ಮಾಡುವವನು ಒಬ್ಬ. ಕೂದಲು ಕಟ್ಟುವವನು ಇನ್ನೊಬ್ಬ. ಕೈಕಾಲುಗಳನ್ನು ಕೆತ್ತುವವನು ಮತ್ತೊಬ್ಬ. ಉಡುಗೆ ತೊಡಿಸುವವನು ಮಗುದೊಬ್ಬ. ಇವರೆಲ್ಲರ ದುಡಿಮೆಯು ಕೊನೆಗೆ ಅಂಗಡಿಯ ಹೆಸರಿನಲ್ಲಿ ಮಾರಾಟವಾಗುತ್ತಿತ್ತು. ತಲೆಮಾರುಗಳಿಂದ ಬಂದ ಮಾದರಿಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಅನುಸರಿಸುವುದೇ ಅವರ ಧರ್ಮವಾಗಿತ್ತು. ಹೊಸದನ್ನು ಕಲ್ಪಿಸುವ ಹೊಣೆ ಯಾರಿಗೂ ಇರಲಿಲ್ಲ.

ಆದರೂ ಅವರ ಕೈಚಳಕ ಸಾಮಾನ್ಯವಾದುದಲ್ಲ. ಗೊಂಬೆಯ ಮುಖವೊಂದನ್ನು ಸಿದ್ಧಪಡಿಸುವ ಕ್ರಮವನ್ನು ನೋಡಿದರೆ ಸಾಕು, ಅದು ಮನದಟ್ಟಾಗುತ್ತದೆ. 'ಕಿರಿ' ಎಂಬ ಹಗುರವಾದ ಮರದ ಹೊಟ್ಟನ್ನು ಗೋಧಿಯ ಅಂಟಿನೊಡನೆ ಕಲಸಿ, ಅಚ್ಚಿನಲ್ಲಿ ಒತ್ತಿ, ಒಣಗಿಸಿ ತಲೆಯ ಆಕಾರವನ್ನು ಪಡೆಯುತ್ತಾರೆ. ಗಾಜಿನ ಕಣ್ಣುಗಳನ್ನು ಅದರಲ್ಲಿ ಕೂರಿಸುತ್ತಾರೆ. ಬಳಿಕ ಸಿಂಪಿಯ ಚಿಪ್ಪನ್ನು ನುಣ್ಣಗೆ ಪುಡಿಮಾಡಿ ವಜ್ರದಲ್ಲಿ ಕಲಸಿದ 'ಗೊಫುನ್' ಎಂಬ ಬಿಳಿಯ ಲೇಪವನ್ನು ಪದರ ಪದರವಾಗಿ ಹಚ್ಚುತ್ತಾರೆ. ಒಂದು ಪದರ ಒಣಗಿದ ಮೇಲೆಯೇ ಇನ್ನೊಂದು. ಮೂಗು ತುಟಿಗಳ ಉಬ್ಬುತಗ್ಗುಗಳನ್ನು ಈ ಲೇಪದಿಂದಲೇ ತಿದ್ದಿ ತೀಡುತ್ತಾರೆ. ಲೇಪದ ಅಡಿಯಲ್ಲಿ ಕಣ್ಣುಗಳು ಮುಚ್ಚಿಹೋಗಿರುತ್ತವೆ. ಎಲ್ಲ ಮುಗಿದ ಬಳಿಕ ಹರಿತವಾದ ಚೂರಿಯ ತುದಿಯಿಂದ ರೆಪ್ಪೆಯ ಗೆರೆಯಲ್ಲಿ ಲೇಪವನ್ನು ಸೀಳಿ ಗೊಂಬೆಯ ಕಣ್ಣು ತೆರೆಸುತ್ತಾರೆ. ಆ ಒಂದು ಗಳಿಗೆಯಲ್ಲಿ ಕೈ ಒಂದಿಷ್ಟು ನಡುಗಿದರೂ ಅನೇಕ ದಿನಗಳ ಶ್ರಮ ಮಣ್ಣುಪಾಲು. ಕೈ ತಪ್ಪದಿದ್ದರೆ, ಅದುವರೆಗೆ ಜಡವಾಗಿದ್ದ ವಸ್ತುವು ನೋಡುವವರನ್ನೇ ತಿರುಗಿ ನೋಡತೊಡಗುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕೌಶಲವು ಇನ್ನೊಂದು ದಾರಿಯನ್ನು ಹಿಡಿಯಿತು. 'ಇಕಿ ನಿಂಗ್ಯೋ', ಅಂದರೆ 'ಜೀವಂತ ಗೊಂಬೆ'ಗಳೆಂಬ ಆಳೆತ್ತರದ ಆಕೃತಿಗಳನ್ನು ನಗರಗಳಲ್ಲಿ ಕಾಸು ತೆತ್ತು ನೋಡುವ ಪ್ರದರ್ಶನಗಳಲ್ಲಿ ಇಡುತ್ತಿದ್ದರು. ಚರ್ಮದ ಸುಕ್ಕು, ಉಗುರು, ಕೂದಲು ಯಾವುದರಲ್ಲಿಯೂ ಮನುಷ್ಯನಿಗೂ ಗೊಂಬೆಗೂ ಭೇದ ಕಾಣಬಾರದು ಎಂಬುದೇ ಅವುಗಳ ಗುರಿ. ಜನರು ಬೆರಗಾದರು. ಆದರೆ ಆ ಬೆರಗು ಜಾತ್ರೆಯ ಬೆರಗು; ಕಲೆಯನ್ನು ಕಂಡವರ ಗೌರವವಲ್ಲ. ಇಂಥ ಗೊಂಬೆಗಳನ್ನು ಮಾಡುವ ಪರಂಪರೆಗೆ ಸೇರಿದ ಮನೆಯೊಂದರಲ್ಲಿ 1903ರಲ್ಲಿ ಹಿರಾತಾ ಗೋಯೋ ಜನಿಸಿದರು. ಬಾಲ್ಯದಲ್ಲಿಯೇ ತಂದೆಯ ಬಳಿ ಕಸುಬಿನ ಗುಟ್ಟೆಲ್ಲವನ್ನೂ ಕಲಿತರು. ತಂದೆಯ ನಿಧನಾನಂತರ ಅವರ ಹೆಸರನ್ನೇ ತಾಳಿ ಕುಲದ ಕಸುಬನ್ನು ಮುಂದುವರಿಸಿದರು.

ಆಗ ಸಮುದ್ರದ ಆಚೆಯಿಂದ ಒಂದು ಅವಕಾಶ ಬಂದಿತು. 1924ರಲ್ಲಿ ಅಮೆರಿಕವು ಜಪಾನೀಯರು ಅಲ್ಲಿಗೆ ಬಂದು ನೆಲಸುವುದನ್ನು ತಡೆಯುವ ಕಾನೂನನ್ನು ಮಾಡಿತ್ತು. ಎರಡು ದೇಶಗಳ ನಡುವೆ ಮನಸ್ತಾಪ ಬೆಳೆಯುತ್ತಿತ್ತು. ಅನೇಕ ವರ್ಷ ಜಪಾನಿನಲ್ಲಿ ಬಾಳಿದ್ದ ಸಿಡ್ನಿ ಗ್ಯೂಲಿಕ್ ಎಂಬ ಅಮೆರಿಕದ ಪಾದ್ರಿಗೆ ಇದು ದುಃಖವನ್ನುಂಟುಮಾಡಿತು. ಹಿರಿಯರ ಮನಸ್ಸನ್ನು ತಿದ್ದುವುದು ಕಷ್ಟ. ಮಕ್ಕಳ ಮನಸ್ಸುಗಳನ್ನಾದರೂ ಕೂಡಿಸೋಣ ಎಂದು ಅವರು ಬಗೆದರು. ಅವರ ಪ್ರೇರಣೆಯಿಂದ ಅಮೆರಿಕದ ಮಕ್ಕಳು 12,739 ಗೊಂಬೆಗಳನ್ನು ಜಪಾನಿನ ಮಕ್ಕಳಿಗೆ ಕಳುಹಿಸಿದರು. 1927ರ ಗೊಂಬೆ ಹಬ್ಬದ ವೇಳೆಗೆ ಅವು ಜಪಾನನ್ನು ತಲುಪಿ, ಶಾಲೆ ಶಾಲೆಗಳಿಗೆ ಹಂಚಿಕೆಯಾದವು. ಒಂದೊಂದು ಗೊಂಬೆಗೂ ಒಂದು ಹೆಸರು, ಒಂದು ಪತ್ರ, ಒಂದು ಪುಟ್ಟ ರಹದಾರಿ! ಜಪಾನಿನ ಮಕ್ಕಳು ಅವುಗಳನ್ನು 'ನೀಲಿ ಕಣ್ಣಿನ ಗೊಂಬೆಗಳು' ಎಂದು ಅಕ್ಕರೆಯಿಂದ ಕರೆದರು.

ಉಡುಗೊರೆಗೆ ಪ್ರತಿಯಾಗಿ ಉಡುಗೊರೆ ಕೊಡುವುದು ಮರ್ಯಾದೆ. ಎಯಿಚಿ ಷಿಬುಸಾವಾ ಎಂಬ ಹಿರಿಯ ಉದ್ಯಮಿಯ ಮುಂದಾಳುತನದಲ್ಲಿ ಮರುಕಾಣಿಕೆಯ ಸಿದ್ಧತೆ ನಡೆಯಿತು. ಲಕ್ಷಾಂತರ ಬಾಲಕಿಯರು ತಲಾ ಒಂದು ಸೆನ್ ನಾಣ್ಯವನ್ನು ನೀಡಿದರು. ಸಂಖ್ಯೆಯಲ್ಲಿ ಅಲ್ಲ, ಸೊಗಸಿನಲ್ಲಿ ಸಮನಾಗಬೇಕೆಂದು 58 ಗೊಂಬೆಗಳನ್ನು ಮಾತ್ರ ಕಳುಹಿಸಲು ನಿಶ್ಚಯಿಸಲಾಯಿತು. ಒಂದೊಂದೂ ಸುಮಾರು 80 ಸೆಂಟಿಮೀಟರ್ ಎತ್ತರದ ಬಾಲಿಕೆಯ ರೂಪ. ಒಂದೊಂದೂ ಒಂದು ಪ್ರಾಂತ್ಯದ ಅಥವಾ ನಗರದ ಪ್ರತಿನಿಧಿ. ಮೈಮೇಲೆ ಚಿತ್ತಾರದ ರೇಷ್ಮೆಯ ಕಿಮೋನೋ. ಈ ಗೊಂಬೆಗಳನ್ನು ಮಾಡುವ ಗೌರವಕ್ಕಾಗಿ ನುರಿತ ಗೊಂಬೆಗಾರರ ನಡುವೆ ಸ್ಪರ್ಧೆ ಏರ್ಪಟ್ಟಿತು. ಹಿರಿಯ ಕುಶಲಿಗಳ ಸಾಲಿನಲ್ಲಿ ಇಪ್ಪತ್ತನಾಲ್ಕರ ತರುಣ ಹಿರಾತಾ ಗೋಯೋ ಅವರ ಕೃತಿಗೆ ಅಗ್ರಸ್ಥಾನ ದೊರೆಯಿತು. ಅಂಗಡಿಯ ಹೆಸರಿನ ಮರೆಯಲ್ಲಿ ಅಡಗಿದ್ದ ಗೊಂಬೆಗಾರನು ತನ್ನ ಹೆಸರಿನಿಂದಲೇ ಬೆಳಕಿಗೆ ಬರುವ ದಾರಿ ಹೀಗೆ ತೆರೆಯಿತು.

ಇದೇ ಕಾಲದಲ್ಲಿ ಕಸುಬಿನ ಮನೆತನಗಳ ಹೊರಗಿನಿಂದಲೂ ಹೊಸಬರು ಗೊಂಬೆಯತ್ತ ಬಂದರು. 1897ರಲ್ಲಿ ಹುಟ್ಟಿದ ಹೊರಿ ರ್ಯೂಜೊ ಎಂಬ ಮಹಿಳೆ ಯಾವ ಗೊಂಬೆಗಾರರ ಮನೆಗೂ ಸೇರಿದವರಲ್ಲ, ಚಿತ್ರಕಲೆಯನ್ನು ಕಲಿತವರು. ಬಾಯಲ್ಲಿ ಅಗಿಯುತ್ತಿದ್ದ ಚೂಯಿಂಗ್ ಗಮ್ಮನ್ನು ಬೆರಳಿನಿಂದ ತೀಡುತ್ತ ಗೊಂಬೆಯ ಪುಟ್ಟ ತಲೆಯೊಂದನ್ನು ರೂಪಿಸಿದುದೇ ಅವರ ಗೊಂಬೆಗಾರಿಕೆಯ ನಾಂದಿಯಾಯಿತು. ಕವಿಯೂ ಚಿತ್ರಕಾರರೂ ಆಗಿದ್ದ ತಾಕೆಹಿಸಾ ಯುಮೆಜಿ ಅವರ ಬಳಗವು 1930ರಲ್ಲಿ ಟೋಕಿಯೋ ನಗರದ ಗಿಂಜಾದಲ್ಲಿ ಗೊಂಬೆಗಳ ಪ್ರದರ್ಶನವೊಂದನ್ನು ನಡೆಸಿತು. ಹೊರಿ ಆ ಬಳಗದಲ್ಲಿದ್ದರು. ಹಳೆಯ ಮಾದರಿಗಳ ಹಂಗಿಲ್ಲದೆ, ಮನಸ್ಸಿನಲ್ಲಿ ಮೂಡಿದ ಭಾವಕ್ಕೆ ಬಟ್ಟೆಯ ಚೂರು, ಕಾಗದ, ತಂತಿಗಳಿಂದಲೂ ರೂಪ ಕೊಡಬಹುದೆಂದು ಅವರು ತೋರಿಸಿದರು. ಮುಂದೆ ಹೊರಿ ಅವರು ಮರದಲ್ಲಿ ಕಡೆದ ಮೈಯ ಮೇಲೆ ಸಣ್ಣ ಗೀರುಗಳನ್ನು ಕೊರೆದು, ಹಳೆಯ ಕಾಲದ ಬಟ್ಟೆಯ ಅಂಚುಗಳನ್ನು ಆ ಗೀರುಗಳಲ್ಲಿ ತುರುಕಿ ಉಡುಗೆ ತೊಡಿಸುವ ಕ್ರಮದಲ್ಲಿ ಪರಿಣತರಾದರು. ಪ್ರಾಚೀನ ಕಾವ್ಯಗಳ ನಾಯಿಕೆಯರೂ, ಯಾರೂ ಕಂಡಿರದ ಸ್ವಪ್ನಲೋಕದ ಕನ್ಯೆಯರೂ ಅವರ ಕೈಯಲ್ಲಿ ಆಕಾರವನ್ನು ತಳೆದರು.

ಮತ್ತೊಬ್ಬರು 1898ರಲ್ಲಿ ಜನಿಸಿದ ಕಾಗೊಷಿಮಾ ಜುಜೊ. ಮಣ್ಣಿನ ಗೊಂಬೆಗಳಿಗೆ ಹೆಸರಾದ ಹಕಾತದಲ್ಲಿ ಕೆಲಸ ಕಲಿತ ಇವರು 'ತಂಕಾ' ಎಂಬ ಪುಟ್ಟ ಪದ್ಯಗಳನ್ನು ರಚಿಸುವ ಕವಿಯೂ ಆಗಿದ್ದರು. ಮಣ್ಣಿನ ಗೊಂಬೆ ಕೆಳಗೆ ಬಿದ್ದರೆ ಒಡೆಯುತ್ತದೆ. ಕಾಗದ ಮಾಡಲು ಬಳಸುವ ನಾರನ್ನು ಕುಟ್ಟಿ, ಅಂಟಿನೊಡನೆ ಹದಗೊಳಿಸಿ, ಗಟ್ಟಿಯಾದ ಹೊಸ ಬಗೆಯ ಹಿಟ್ಟನ್ನು ಅವರು ಕಂಡುಹಿಡಿದರು. ಆ ಹಿಟ್ಟಿನಿಂದ ಮಾಡಿದ ಆಕೃತಿಯ ಮೇಲೆ ಬಣ್ಣ ಕಟ್ಟಿದ ಕಾಗದವನ್ನು ಅಂಟಿಸಿ ಗೊಂಬೆಯನ್ನು ಸಿಂಗರಿಸಿದರು. ಹೀಗೆ ಕಸುಬಿನವರು, ಚಿತ್ರಕಾರರು, ಕವಿಗಳು ಒಂದೇ ಗುರಿಯತ್ತ ನಡೆದರು. ತಲೆಯಿಂದ ಉಡುಗೆಯವರೆಗೆ ಎಲ್ಲವನ್ನೂ ಒಬ್ಬರೇ ಕಲ್ಪಿಸಬೇಕು. ಅದರ ಗುಣದೋಷಗಳಿಗೆ ಒಬ್ಬರೇ ಹೊಣೆಯಾಗಬೇಕು ಎಂಬುದು ಅವರ ನಿಲುವು.

ಆ ಕಾಲದ ಜಪಾನಿನಲ್ಲಿ ಕಲಾವಿದರಿಗೆ ಅತ್ಯುನ್ನತವಾದ ವೇದಿಕೆಯೆಂದರೆ ಸರಕಾರದ ಆಶ್ರಯದಲ್ಲಿ ನಡೆಯುತ್ತಿದ್ದ ಸಾಮ್ರಾಜ್ಯ ಕಲಾ ಪ್ರದರ್ಶನ. ಮೊದಲು ಚಿತ್ರ ಶಿಲ್ಪಗಳಿಗೆ ಮಾತ್ರ ಅಲ್ಲಿ ಎಡೆಯಿತ್ತು. 1927ರಲ್ಲಿ ಕರಕುಶಲ ಕಲೆಗಳ ವಿಭಾಗವು ಸೇರಿತು. ಮಡಕೆಗೂ ಮೆರುಗೆಣ್ಣೆಯ ಪೆಟ್ಟಿಗೆಗೂ ಬಾಗಿಲು ತೆರೆಯಿತು, ಗೊಂಬೆಗೆ ತೆರೆಯಲಿಲ್ಲ. ಗೊಂಬೆಯು ಮಕ್ಕಳ ಆಟಿಕೆಯೆಂಬ ಭಾವನೆ ಅಷ್ಟು ಬಲವಾಗಿತ್ತು. ಕೊನೆಗೆ 1936ರಲ್ಲಿ ಮೊದಲ ಬಾರಿಗೆ ಗೊಂಬೆಗಳು ಪರೀಕ್ಷಕರ ಒಪ್ಪಿಗೆ ಪಡೆದು ಆ ಪ್ರದರ್ಶನದೊಳಗೆ ಕಾಲಿಟ್ಟವು. ಆಯ್ಕೆಯಾದವರಲ್ಲಿ ಹಿರಾತಾ, ಹೊರಿ, ಕಾಗೊಷಿಮಾ ಮೂವರೂ ಇದ್ದರು.

ಸ್ಪರ್ಧೆಗೆ ಇಟ್ಟ ಗೊಂಬೆಯಲ್ಲಿ ಪರೀಕ್ಷಕರು ಕಾಣುವುದೇನು? ಮುಖದ ಚೆಲುವು ಕಣ್ಣಿಗೆ ಮೊದಲು ಬೀಳುತ್ತದೆ. ಆದರೆ ಬಲ್ಲವರು ಅಲ್ಲಿಗೆ ನಿಲ್ಲುವುದಿಲ್ಲ. ಕುತ್ತಿಗೆಯ ಬಾಗು ಮುಖದ ಭಾವಕ್ಕೆ ಹೊಂದುವುದೇ ಎಂದು ನೋಡುತ್ತಾರೆ. ಬೆರಳುಗಳನ್ನು ನೋಡುತ್ತಾರೆ, ಮುಖವನ್ನು ಚೆನ್ನಾಗಿ ಮಾಡಿ ಕೈಯಲ್ಲಿ ಸೋಲುವವರು ಬಹಳ ಮಂದಿ. ದೊಡ್ಡ ಹೂಗಳುಳ್ಳ ಬಟ್ಟೆ ಪುಟ್ಟ ಮೈಗೆ ಭಾರವೆನಿಸಿತೇ, ಹೊಲಿಗೆ ಎದ್ದು ಕಾಣುವುದೇ ಎಂದು ಪರಿಶೀಲಿಸುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಇದರ ಹಿಂದೆ ಮಾಡಿದವರ ಸ್ವಂತ ಕಲ್ಪನೆ ಇದೆಯೇ, ಇದು ಇನ್ನೊಬ್ಬರ ಅಚ್ಚಿನ ನಕಲೇ ಎಂದು ಕೇಳುತ್ತಾರೆ. ಹಿರಾತಾ ಅವರ ಬೆಳವಣಿಗೆಯೇ ಈ ಮಾತಿಗೆ ನಿದರ್ಶನ. ತರುಣರಾಗಿದ್ದಾಗ ಮನುಷ್ಯನ ಮೈಯನ್ನು ಇದ್ದಂತೆಯೇ ನಕಲು ಮಾಡಬಲ್ಲ ಶಕ್ತಿ ಅವರಿಗಿತ್ತು. ವಯಸ್ಸು ಮಾಗಿದಂತೆ ವಿವರಗಳನ್ನು ಒಂದೊಂದಾಗಿ ಬಿಟ್ಟುಕೊಟ್ಟರು. ದುಂಡಗಿನ ಕೆಲವೇ ರೇಖೆಗಳಲ್ಲಿ ತಾಯಿ ಮಗುವಿನ ವಾತ್ಸಲ್ಯವನ್ನು ಮೂಡಿಸಿದರು. ಮೈಯನ್ನು ಹೋಲುವುದು ಕೌಶಲ. ಮನಸ್ಸನ್ನು ಮುಟ್ಟುವುದು ಕಲೆ.

ಕಲೆಯ ದಾರಿ ಹೀಗೆ ತೆರೆಯುತ್ತಿರುವಾಗಲೇ ಲೋಕವು ಯುದ್ಧದ ಬೆಂಕಿಗೆ ಬಿದ್ದಿತು. 1941ರ ಡಿಸೆಂಬರಿನಲ್ಲಿ ಜಪಾನೂ ಅಮೆರಿಕವೂ ಶತ್ರುಗಳಾದವು. ಸ್ನೇಹದ ಕುರುಹಾಗಿ ಬಂದಿದ್ದ ನೀಲಿ ಕಣ್ಣಿನ ಗೊಂಬೆಗಳು ಶತ್ರುವಿನ ಗೂಢಚಾರರೆನಿಸಿಕೊಂಡವು. 1943ರ ವೇಳೆಗೆ ಅವುಗಳನ್ನು ನಾಶಮಾಡಬೇಕೆಂಬ ಆಜ್ಞೆಯಾಯಿತು. ಸಾವಿರಾರು ಗೊಂಬೆಗಳು ಸುಟ್ಟುಹೋದವು. ಆದರೆ ಕೆಲವು ಶಾಲೆಗಳಲ್ಲಿ ಉಪಾಧ್ಯಾಯರು ತಮಗೆ ಒದಗಬಹುದಾದ ಶಿಕ್ಷೆಯನ್ನೂ ಲೆಕ್ಕಿಸದೆ ಗೊಂಬೆಗಳನ್ನು ಉಗ್ರಾಣಗಳ ಮೂಲೆಗಳಲ್ಲಿ ಬಚ್ಚಿಟ್ಟರು. ಮಕ್ಕಳ ಗೊಂಬೆಗೆ ಯಾವ ಹಗೆ ಎಂದು ಅವರ ಅಂತಃಕರಣ ಕೇಳಿರಬೇಕು. ದಶಕಗಳ ಬಳಿಕ ಅವು ಒಂದೊಂದಾಗಿ ಹೊರಬಂದವು. ಹಾಗೆ ಉಳಿದವುಗಳ ಸಂಖ್ಯೆ 300ನ್ನು ಮೀರುತ್ತದೆ. ಅತ್ತ ಅಮೆರಿಕದ ವಸ್ತುಸಂಗ್ರಹಾಲಯಗಳಲ್ಲಿದ್ದ ಜಪಾನಿನ 58 ಗೊಂಬೆಗಳಲ್ಲಿಯೂ ಬಹುಪಾಲು ಉಳಿದುಕೊಂಡವು. ದೇಶಗಳ ದ್ವೇಷಕ್ಕಿಂತ ಗೊಂಬೆಗಳ ಆಯುಸ್ಸು ಹೆಚ್ಚಿನದಾಯಿತು.

ಯುದ್ಧದಲ್ಲಿ ಸೋತು ಬಡವಾದ ಜಪಾನ್ ತನ್ನ ಕುಶಲಕಲೆಗಳನ್ನು ಮರೆಯಲಿಲ್ಲ. 1950ರಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಕಾನೂನನ್ನು ಮಾಡಿತು. ಕಟ್ಟಡ, ವಿಗ್ರಹಗಳಷ್ಟೇ ಅಲ್ಲ, ಮನುಷ್ಯನ ಕೈಯಲ್ಲಿರುವ ವಿದ್ಯೆಯೂ ದೇಶದ ಸಂಪತ್ತು ಎಂಬುದು ಅದರ ಹಿರಿಯ ತತ್ತ್ವ. ಅಂಥ ವಿದ್ಯಾವಂತರನ್ನು ಜನರು 'ಸಜೀವ ರಾಷ್ಟ್ರನಿಧಿ' ಎಂದು ಕರೆದರು. 1955ರಲ್ಲಿ ಈ ಗೌರವಕ್ಕೆ ಪಾತ್ರರಾದವರಲ್ಲಿ ಹಿರಾತಾ ಗೋಯೋ ಮತ್ತು ಹೊರಿ ರ್ಯೂಜೊ ಸೇರಿದ್ದರು. 1961ರಲ್ಲಿ ಕಾಗೊಷಿಮಾ ಜುಜೊ ಅವರಿಗೂ ಅದು ಸಂದಿತು. 1954ರಲ್ಲಿ ಆರಂಭವಾದ ಜಪಾನಿನ ಸಾಂಪ್ರದಾಯಿಕ ಕುಶಲಕಲಾ ಪ್ರದರ್ಶನದಲ್ಲಿ ಕುಂಭಕಲೆ, ನೇಯ್ಗೆ, ಲೋಹಕಲೆಗಳ ಸರಿಸಮವಾಗಿ ಗೊಂಬೆಗೂ ಪ್ರತ್ಯೇಕ ವಿಭಾಗವಿದೆ. ಹಿಂದೆ ಬಾಗಿಲಾಚೆ ನಿಂತಿದ್ದ ಗೊಂಬೆಯು ಮನೆಯೊಳಗಣ ಪೀಠವನ್ನೇರಿತು.

ಮುಂದಿನ ಪೀಳಿಗೆಯವರು ಕಲ್ಪನೆಯ ಎಲ್ಲೆಯನ್ನು ಇನ್ನಷ್ಟು ವಿಸ್ತರಿಸಿದರು. 1944ರಲ್ಲಿ ಜನಿಸಿದ ಯೊತ್ಸುಯಾ ಸಿಮೋನ್ ಅವರು 1965ರಲ್ಲಿ ಪತ್ರಿಕೆಯೊಂದರಲ್ಲಿ ಹಾನ್ಸ್ ಬೆಲ್ಮರ್ ಎಂಬ ಜರ್ಮನ್ ಕಲಾವಿದನ ಗೊಂಬೆಯ ಚಿತ್ರವನ್ನು ಕಂಡರು. ಗುಂಡಿನಾಕಾರದ ಕೀಲುಗಳುಳ್ಳ ಆ ಗೊಂಬೆಯು ಅವರ ದೃಷ್ಟಿಯನ್ನೇ ಬದಲಿಸಿತು. ಟೊಳ್ಳಾದ ಅಂಗಗಳ ನಡುವೆ ಗುಂಡು ಕೀಲುಗಳನ್ನಿಟ್ಟು, ಒಳಗಿನಿಂದ ರಬ್ಬರಿನ ದಾರವನ್ನು ಬಿಗಿದರೆ ಗೊಂಬೆಯನ್ನು ಬೇಕಾದ ಭಂಗಿಯಲ್ಲಿ ನಿಲ್ಲಿಸಬಹುದು. ಇಂಥ ಗೊಂಬೆಗಳ ಕಲೆಯನ್ನು ಕಲಿಸಲು ಅವರು 1978ರಲ್ಲಿ ಶಾಲೆಯೊಂದನ್ನು ತೆರೆದರು.

ಗೊಂಬೆಯನ್ನು ಕಲೆಯೆಂದು ಕಾಣುವ ದೃಷ್ಟಿ ಇತರ ದೇಶಗಳಲ್ಲಿಯೂ ಬೆಳೆಯಿತು. ಅಮೆರಿಕದಲ್ಲಿ ಗೊಂಬೆಗಳ ಸಂಗ್ರಾಹಕರು 1949ರಲ್ಲಿ ತಮ್ಮ ಕೂಟಗಳ ಒಕ್ಕೂಟವನ್ನು ಸ್ಥಾಪಿಸಿದರು. 1963ರಲ್ಲಿ ಗೊಂಬೆ ಕಲಾವಿದರೇ ತಮ್ಮ ಸಂಸ್ಥೆಯನ್ನು ಕಟ್ಟಿಕೊಂಡರು. ಸಂಗ್ರಾಹಕರ ಸಮ್ಮೇಳನಗಳಲ್ಲಿ ಸ್ಪರ್ಧೆಗಳು ನಡೆಯುತ್ತವೆ. ಪ್ರಥಮ ಸ್ಥಾನ ಪಡೆದ ಗೊಂಬೆಯ ಪಕ್ಕದಲ್ಲಿ ನೀಲಿ ಪಟ್ಟಿಯನ್ನು ಇರಿಸುತ್ತಾರೆ. ರೆಕ್ಕೆಗಳುಳ್ಳ ಯಕ್ಷಿಣಿಯರು, ಕಾಡಿನ ಕುಳ್ಳರು, ಮತ್ಸ್ಯಕನ್ಯೆಯರು, ಮುದಿ ಮಾಂತ್ರಿಕರು ಇಂಥ ಮೇಜುಗಳ ಮೇಲೆ ಸಾಲುಗೊಳ್ಳುತ್ತಾರೆ. ಭಾರತವೂ ಈ ಕ್ಷೇತ್ರದಲ್ಲಿ ಹಿಂದುಳಿದಿಲ್ಲ. ವ್ಯಂಗ್ಯಚಿತ್ರಕಾರ ಶಂಕರ್ ಅವರು ದೆಹಲಿಯಲ್ಲಿ ಕಟ್ಟಿದ ಅಂತರರಾಷ್ಟ್ರೀಯ ಗೊಂಬೆಗಳ ಸಂಗ್ರಹಾಲಯವು 1965ರಲ್ಲಿ ಪ್ರಾರಂಭವಾಯಿತು. ಜಪಾನಿನ ಹಬ್ಬದ ಗೊಂಬೆಗಳೂ ಅಲ್ಲಿಯ ಸಂಗ್ರಹಕ್ಕೆ ಸೇರಿವೆ. 1980ರಲ್ಲಿ ಪೋಲೆಂಡಿನ ಕ್ರಾಕೋ ನಗರದಲ್ಲಿ ನಡೆದ ಗೊಂಬೆಗಳ ಪ್ರದರ್ಶನದಲ್ಲಿ ಈ ಸಂಸ್ಥೆಗೆ 'ಸುವರ್ಣ ನವಿಲುಗರಿ' ಎಂಬ ಪ್ರಥಮ ಬಹುಮಾನ ಲಭಿಸಿತು.

ಬಹುಮಾನವೇ ಕಲೆಯ ಗುರಿಯಲ್ಲ. ಆದರೆ ಸ್ಪರ್ಧೆಯೂ ಪ್ರದರ್ಶನವೂ ಗೊಂಬೆಗಾರಿಕೆಗೆ ದೊಡ್ಡ ಉಪಕಾರವನ್ನು ಮಾಡಿದವು. ತನ್ನ ಕೃತಿಯನ್ನು ಹತ್ತು ಜನರ ಕಣ್ಣಿಗೆ ಒಡ್ಡಿದಾಗ ಗೊಂಬೆಗಾರನು ಹಳೆಯ ಅಚ್ಚಿನ ಆಸರೆಯನ್ನು ಬಿಟ್ಟು ಸ್ವಂತವಾಗಿ ಯೋಚಿಸಬೇಕಾಯಿತು. ಅದನ್ನು ಕಂಡ ಜನರೂ ಮೊದಲ ಬಾರಿಗೆ 'ಇದನ್ನು ಮಾಡಿದವರು ಯಾರು?' ಎಂದು ಕೇಳುವಂತಾಯಿತು. ಮರದ ಹೊಟ್ಟು, ಚಿಪ್ಪಿನ ಪುಡಿ, ಬಟ್ಟೆಯ ಚೂರು ಇವು ಎಲ್ಲರಿಗೂ ದೊರೆಯುವ ವಸ್ತುಗಳೇ. ತಾಳ್ಮೆಯುಳ್ಳ ಕೈಯೂ ಕಲ್ಪನೆಯುಳ್ಳ ಮನಸ್ಸೂ ಅವುಗಳನ್ನು ಸೋಕಿದಾಗ ಜಡದಲ್ಲಿ ಜೀವ ಮಿಡಿಯುತ್ತದೆ. ಯಾವ ಕೆಲಸವೂ ತನ್ನಷ್ಟಕ್ಕೆ ಚಿಕ್ಕದಲ್ಲ. ಮಾಡುವವರು ಅದರಲ್ಲಿ ತಮ್ಮನ್ನು ಪೂರ್ಣವಾಗಿ ತೊಡಗಿಸಿಕೊಂಡರೆ ಆಟಿಕೆಯೂ ನಾಡಿನ ನಿಧಿಯಾಗುತ್ತದೆ.

ಪದಗಳ ಅರ್ಥ

ಒಡನಾಡಿ - ಜೊತೆಗಾರ
ಮಗುದೊಬ್ಬ - ಮತ್ತೊಬ್ಬ
ವಜ್ರ - ಮರಗೆಲಸದಲ್ಲಿ ಬಳಸುವ ಅಂಟು
ರಹದಾರಿ - ಪ್ರಯಾಣಕ್ಕೆ ಅನುಮತಿ ನೀಡುವ ಪತ್ರ
ನಾಂದಿ - ಆರಂಭ
ಎಡೆ - ಸ್ಥಳ, ಅವಕಾಶ
ಕುರುಹು - ಗುರುತು
ಉಗ್ರಾಣ - ಸಾಮಾನುಗಳನ್ನಿಡುವ ಕೋಣೆ
ಅಂತಃಕರಣ - ಮನಸ್ಸು, ಕರುಣೆ

ಅಭ್ಯಾಸ

ಅ. ಒಂದು ವಾಕ್ಯದಲ್ಲಿ ಉತ್ತರಿಸಿ.
1. 'ನಿಂಗ್ಯೋ' ಎಂಬ ಪದದ ಅರ್ಥವೇನು?
2. ಗೊಫುನ್ ಲೇಪವನ್ನು ಯಾವುದರಿಂದ ತಯಾರಿಸುತ್ತಾರೆ?
3. ಜಪಾನಿನಿಂದ ಅಮೆರಿಕಕ್ಕೆ ಎಷ್ಟು ಗೊಂಬೆಗಳನ್ನು ಕಳುಹಿಸಲಾಯಿತು?

ಆ. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿ.
1. ಹಬ್ಬದ ಗೊಂಬೆಗಳನ್ನು ಮಾಡುತ್ತಿದ್ದವರ ಹೆಸರು ಬೆಳಕಿಗೆ ಬಾರದಿರಲು ಕಾರಣವೇನು?
2. ಕಾಗೊಷಿಮಾ ಜುಜೊ ಅವರು ಕಂಡುಹಿಡಿದ ಹೊಸ ವಿಧಾನವನ್ನು ವಿವರಿಸಿ.
3. ಯುದ್ಧಕಾಲದಲ್ಲಿ ನೀಲಿ ಕಣ್ಣಿನ ಗೊಂಬೆಗಳಿಗೆ ಒದಗಿದ ಗತಿಯೇನು?

ಇ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿ.
1. "ಮೈಯನ್ನು ಹೋಲುವುದು ಕೌಶಲ, ಮನಸ್ಸನ್ನು ಮುಟ್ಟುವುದು ಕಲೆ."
2. "ದೇಶಗಳ ದ್ವೇಷಕ್ಕಿಂತ ಗೊಂಬೆಗಳ ಆಯುಸ್ಸು ಹೆಚ್ಚಿನದಾಯಿತು."

ಈ. ಬಿಡಿಸಿ, ಸಂಧಿಯನ್ನು ಹೆಸರಿಸಿ.
ನಿಧನಾನಂತರ, ಗುಟ್ಟೆಲ್ಲ, ಅತ್ಯುನ್ನತ, ಕಲೆಯಾದ

ಉ. ನಿಮ್ಮ ಊರಿನಲ್ಲಿ ಗೊಂಬೆ, ಬುಟ್ಟಿ, ಮಡಕೆ ಮೊದಲಾದವುಗಳನ್ನು ಮಾಡುವವರೊಬ್ಬರನ್ನು ಕಂಡು, ಅವರ ಕೆಲಸದ ಕ್ರಮವನ್ನು ಕುರಿತು ಒಂದು ಪುಟ ಬರೆಯಿರಿ.